ದಿನದ ಧಮ್ಮ ಚಿಂತನೆ: ಬರಿಗೈಯಲ್ಲಿ ಗೆಳತಿಯ ಮನೆಗೆ

 

ಕಳೆದ ಭಾನುವಾರ ಅಧ್ಯಯನ ಮುಗಿದ ಮೇಲೆ ನಮ್ಮ ಬಳಗದ ಅಕ್ಕನೊಬ್ಬರು ಹೇಳಿಕೊಂಡ ಅನುಭವವೇ ಇಂದಿನ ಚಿಂತನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಅಕ್ಕ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಟೈಲರ್. ಅವರ ಬಾಲ್ಯದ ಗೆಳತಿ ಇರುವುದು ಕಲಬುರಗಿಯಲ್ಲಿ. ಶಾಲೆಯ ದಿನಗಳಲ್ಲಿ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟವರು. ಕಳೆದ ವರ್ಷ ಆ ಗೆಳತಿಯ ಗಂಡ ತೀರಿಕೊಂಡರು. ಅಕ್ಕ ಫೋನಿನಲ್ಲಿ ಅತ್ತರು, ಆದರೆ ಹೋಗಲಿಲ್ಲ. "ಕೈಯಲ್ಲಿ ದುಡ್ಡಿಲ್ಲ, ಮುಂದಿನ ತಿಂಗಳು ನೋಡೋಣ" ಎನ್ನುತ್ತಲೇ ವರ್ಷ ಕಳೆಯಿತು.

ಒಂದು ಸಂಜೆ ಖರ್ಚನ್ನು ಬರೆದು ನೋಡಿದರು. ಸ್ಲೀಪರ್ ಬಸ್ಸಿನಲ್ಲಿ ಹೋಗಿಬರಲು 2,000. ಗೆಳತಿಗೆ ಸೀರೆ 1,200. ಸ್ವೀಟ್, ಹಣ್ಣು 500. ಮಕ್ಕಳ ಕೈಗೆ 500. ಒಟ್ಟು 4,200 ರೂಪಾಯಿ. ಬಡ್ಡಿಗೆ ಸಾಲ ತರಬೇಕು, ಇಲ್ಲವೇ ಹೋಗುವುದನ್ನೇ ಬಿಡಬೇಕು. ಎರಡೇ ದಾರಿ ಕಂಡವು.

ಅಂಗುತ್ತರ ನಿಕಾಯದಲ್ಲಿ ಕೋಲಿಯರ ದೀಘಜಾಣು ಎಂಬ ಗೃಹಸ್ಥ ಭಗವಾನರ ಬಳಿ ಬರುತ್ತಾನೆ. ಹೆಂಡತಿ ಮಕ್ಕಳೊಂದಿಗೆ ಸಂಸಾರದಲ್ಲಿರುವ ನಮ್ಮಂಥವರಿಗೆ ಈ ಬದುಕಿನಲ್ಲೇ ಹಿತವಾಗುವುದನ್ನು ಹೇಳಿ ಎಂದು ಕೇಳುತ್ತಾನೆ. ಭಗವಾನರು ನಾಲ್ಕು ಸಂಗತಿ ಹೇಳುತ್ತಾರೆ: ಶ್ರಮಪಟ್ಟು ದುಡಿಯುವುದು, ದುಡಿದದ್ದನ್ನು ಕಾಪಾಡಿಕೊಳ್ಳುವುದು, ಕಲ್ಯಾಣ ಮಿತ್ರರ ಒಡನಾಟ, ಸಮಜೀವಿತ. ತಕ್ಕಡಿ ಹಿಡಿದವನಿಗೆ ಯಾವ ತಟ್ಟೆ ಎಷ್ಟು ವಾಲಿತೆಂದು ತಿಳಿದಿರುವಂತೆ, ಆದಾಯ ಖರ್ಚುಗಳನ್ನು ಅರಿತು ಬಾಳುವುದೇ ಸಮಜೀವಿತ. ಆದಾಯ ಕಡಿಮೆಯಿದ್ದು ಮೆರೆದರೂ ತಪ್ಪು, ಹೆಚ್ಚಿದ್ದು ಜಿಪುಣತನ ಮಾಡಿದರೂ ತಪ್ಪು.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಗೆಳೆತನವೂ ಲೆಕ್ಕಾಚಾರವೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿವೆ. ಒಂದಕ್ಕಾಗಿ ಇನ್ನೊಂದನ್ನು ಬಿಡಿ ಎಂದು ಭಗವಾನರು ಹೇಳಲಿಲ್ಲ.

ಅಕ್ಕ ಈ ಸುತ್ತವನ್ನು ಓದಿ ತಮ್ಮ ಚೀಟಿಯನ್ನು ಮತ್ತೆ ತೆಗೆದರು. ಪ್ರತಿ ಸಾಲಿಗೂ ಒಂದು ಪ್ರಶ್ನೆ: "ಇದಿಲ್ಲದೆ ಅವಳ ಪಕ್ಕದಲ್ಲಿ ಕೂರಲು ಆಗುವುದಿಲ್ಲವೇ, ಅಥವಾ ಇದಿಲ್ಲದಿದ್ದರೆ ನನಗೆ ನಾಚಿಕೆಯೇ?" ಸೀರೆ, ಸ್ವೀಟು, ಮಕ್ಕಳ ಕೈಗಿಡುವ ನೋಟು, ಎಲ್ಲವೂ ನಾಚಿಕೆಯ ಕಡೆಗೇ ಬಿದ್ದವು. ಸುತ್ತಗಳಲ್ಲಿ 'ಮಾನ' ಎನ್ನುವುದು ಇದನ್ನೇ: ನನ್ನನ್ನು ಇತರರೊಂದಿಗೆ ತೂಗಿ ನೋಡುವ ಚಾಳಿ. ಅಕ್ಕನನ್ನು ತಡೆದದ್ದು ಬಡತನಕ್ಕಿಂತ ಹೆಚ್ಚಾಗಿ ಈ ಮಾನವೇ.

ಹೊಸ ಚೀಟಿ ಹೀಗಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಸ್ಲೀಪರ್, ಎಸಿ, ರಾಜಹಂಸಕ್ಕೆ ಇದು ಅನ್ವಯಿಸದು. ಹಾಗಾಗಿ ಬಸ್ಸಿಗೆ ಸೊನ್ನೆ. ದಾರಿಯ ಊಟ, ಟೀ 200. ಆಟೋ 150. ಹಣ್ಣು 150. ಸೋಮವಾರ ರಜೆ ಹಾಕಿದ್ದಕ್ಕೆ ಒಂದು ದಿನದ ಕೂಲಿ, ಸುಮಾರು 500. ಒಟ್ಟು 1,000. ದಿನಕ್ಕೆ 50ರಂತೆ 20 ದಿನ ಡಬ್ಬಿಗೆ ಹಾಕಿದರು. ಸಾಲ ಮಾಡಲಿಲ್ಲ.

ರಾತ್ರಿಯೆಲ್ಲ ಕೂತೇ ಪ್ರಯಾಣ, ಸೊಂಟ ನೋಯಿತು. ಬಾಗಿಲಲ್ಲಿ ನಿಂತು "ಬರಿಗೈಲಿ ಬಂದೆ ಕಣೇ" ಎಂದಾಗ ಗೆಳತಿ ಹೇಳಿದ್ದು: "ನಾ ಏನು ಸೀರಿ ಸಲುವಾಗಿ ದಾರಿ ನೋಡ್ಕೋತ ಕುಂತಿದ್ನೇನು?" ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಪಕ್ಕಪಕ್ಕ ಕೂತಿದ್ದರಷ್ಟೆ. ಫೋನಿನಲ್ಲಿ ಆಗದೆ ಉಳಿದಿದ್ದುದು ಇದೇ ಎಂದರು ಅಕ್ಕ.

ಎಲ್ಲರಿಗೂ ಉಚಿತ ಬಸ್ಸು ಇರದು. ರೈಲಿನ ಜನರಲ್ ಬೋಗಿ ಇದೆ. 60 ದಿನ ಮೊದಲೇ ತೆರೆಯುವ ಸ್ಲೀಪರ್ ಬುಕಿಂಗ್ ಇದೆ. ಸಾಲ ಮಾಡದೆ ಹೋಗಲು ಆಗದೇ ಇದ್ದರೆ ಕಾಯುವುದರಲ್ಲಿ ತಪ್ಪಿಲ್ಲ. ಆದರೆ ಕಾಯುತ್ತಿರುವುದು ಹಣಕ್ಕಾಗಿಯೋ, ಮಾನಕ್ಕಾಗಿಯೋ ಎಂದು ನೋಡಿಕೊಳ್ಳೋಣ.

ಇಂದಿನ ಅಭ್ಯಾಸ: ಹೋಗಬೇಕೆಂದು ಮುಂದೂಡುತ್ತಿರುವ ಒಬ್ಬರ ಹೆಸರು ಬರೆಯಿರಿ. ಅದರ ಕೆಳಗೆ ಖರ್ಚು ಬರೆಯಿರಿ. ನಾಚಿಕೆಯ ಸಾಲುಗಳನ್ನು ಹೊಡೆದುಹಾಕಿ. ಉಳಿದದ್ದನ್ನು ದಿನಗಳಿಗೆ ಭಾಗಿಸಿ. ಇವತ್ತಿನ ಪಾಲನ್ನು ಇವತ್ತೇ ಡಬ್ಬಿಗೆ ಹಾಕಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.