ಕತ್ತಿ ಹಿಡಿಯೋ ಮೊದಲು ತಾಲೀಮು

ಗೆಳೆಯರೇ, ಹಂಪಿ ಉತ್ಸವದ ಮೆರವಣಿಗೆ ನೋಡಿ ಬಂದಾಗಿನಿಂದ ನಮ್ಮ ಚಿತ್ತವಾಡ್ಗಿಯ ಓಣಿಗಳಲ್ಲಿ ಕಟ್ಟಿಗೆ ಕತ್ತಿಗಳದ್ದೇ ಸದ್ದು. ಮೊನ್ನೆ ಒಬ್ಬನ ಹುಬ್ಬಿಗೆ ಪೆಟ್ಟಾಯಿತು, ಕಣ್ಣು ಉಳಿದದ್ದೇ ಪುಣ್ಯ. ಹುಡುಗಿಯರಿಗೆ ಕತ್ತಿ ಬೇಡ, ಕಳಸ ಹಿಡಿದರೆ ಸಾಕು ಅಂತಲೂ ಕೆಲವರು ಅಂದರು. ಹಾಗಾದರೆ ವಿಜಯನಗರದಲ್ಲಿ ನಿಜವಾಗಿ ಹೇಗಿತ್ತು? ಓದಿ ತಿಳಿದದ್ದನ್ನು ಬರೆದಿದ್ದೇನೆ.

ಸುಮಾರು 1520ರಲ್ಲಿ ಪೋರ್ಚುಗೀಸರ ಡೊಮಿಂಗೋ ಪಾಯೆಸ್ (ಹೆಸರು ಕೇಳಿ ನಗಬೇಡಿ) ಹಂಪಿಗೆ ಬಂದಿದ್ದ. ಅವನು ಬರೆದದ್ದನ್ನು ಸಿವೆಲ್ ಎಂಬವರು 1900ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಕೃಷ್ಣದೇವರಾಯನ ದಿನಚರಿ ಇದೆ. ರಾಯ ಬೆಳಕು ಹರಿಯೋ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೂ ಅದನ್ನೇ ಹಚ್ಚಿಕೊಂಡು, ಲಂಗೋಟಿ ಕಟ್ಟಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಆಮೇಲೆ ಕತ್ತಿ. ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿಯೋ ತನಕ ಕತ್ತಿ ಸಾಧನೆ! ನಂತರ ಪೈಲ್ವಾನನ ಜೊತೆ ಕುಸ್ತಿ, ಕೊನೆಗೆ ಕುದುರೆ ಸವಾರಿ. ಇಷ್ಟಾದರೂ ಇನ್ನೂ ಬೆಳಗಾಗುತ್ತಿರಲಿಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಿ. ಜೊತೆಗಾರ ಬರೋದು ಕುಸ್ತಿಗೆ. ಕತ್ತಿ ಸಾಧನೆಯಲ್ಲಿ ಎದುರಾಳಿಯ ಮಾತನ್ನೇ ಪಾಯೆಸ್ ಎತ್ತಿಲ್ಲ. ಮೊದಲು ತೋಳು, ಮಣಿಕಟ್ಟು ಗಟ್ಟಿಯಾಗಬೇಕು, ಇಲ್ಲದಿದ್ದರೆ ಬೀಸಿದ ಕತ್ತಿ ನಾವು ನಿಲ್ಲಿಸಬೇಕೆಂದಲ್ಲಿ ನಿಲ್ಲೋದಿಲ್ಲ. ಗರಡಿ ಮನೆಯಲ್ಲಿ ದಂಡ, ಬಸ್ಕಿ, ಗದೆ ತಿರುಗಿಸೋದು ಇರೋದೂ ಇದಕ್ಕೇ. ನಾವಾದರೋ ಮೊದಲ ದಿನವೇ ಒಬ್ಬರ ಮೇಲೊಬ್ಬರು ಬೀಸುತ್ತೇವೆ.

ಮಹಾನವಮಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಸೈನ್ಯ ಸಾಲಾಗಿ ನಿಲ್ಲುತ್ತಿತ್ತು. ರಾಯ ಅದನ್ನು ನೋಡಿಕೊಂಡು ಬಂದು ಮೂರು ಬಾಣ ಬಿಡುತ್ತಿದ್ದ. ಬಿಜಾಪುರದ ಆದಿಲಶಾಹಿಗೆ ಒಂದು, ಗೋಲ್ಕೊಂಡದವರಿಗೆ ಒಂದು, ಪೋರ್ಚುಗೀಸರಿಗೆ ಒಂದು. ಯಾವ ಬಾಣ ದೂರ ಹೋಯಿತೋ ಆ ಕಡೆ ಯುದ್ಧ ಅಂತ ರೂಢಿ. ತನ್ನವರ ಹೆಸರಿನ ಬಾಣವನ್ನೂ ಪಾಯೆಸ್ ಮರೆಮಾಚದೆ ಬರೆದಿದ್ದಾನೆ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುಸ್ತಿ, ಬೇಟೆ, ಆನೆ, ಕುದುರೆಗಳ ಕೆತ್ತನೆ ಈಗಲೂ ಇವೆ. ಹಂಪಿಗೆ ಹೋದಾಗ ಮೇಲೆ ಹತ್ತೋಕೆ ಅವಸರ ಮಾಡದೆ ಸುತ್ತ ಒಮ್ಮೆ ನಡೆದು ನೋಡಿ.

ಇನ್ನು ಕಳಸದ ವಿಷಯ. ಅರಮನೆಯ ಹೆಂಗಸರಲ್ಲಿ ಕತ್ತಿ ಗುರಾಣಿ ಹಿಡಿಯುವವರಿದ್ದರು, ಕುಸ್ತಿ ಆಡುವವರಿದ್ದರು, ಕಹಳೆ ಊದುವವರೂ ಇದ್ದರು ಅಂತ ಅದೇ ಬರಹದಲ್ಲಿದೆ. ಅನುಮಾನ ಇದ್ದವರು ಗುರುಗಳನ್ನು ಕೇಳಬಹುದು.

ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಮತ್ತೆ ತಾಲೀಮು ಇದೆ. ಮೊದಲು ಬಸ್ಕಿ, ಆಮೇಲೆ ಕೋಲು. ಕೋಲಿನ ತುದಿಗೆ ಹಳೆ ಬಟ್ಟೆ ಸುತ್ತಿಕೊಂಡು ಬನ್ನಿ. ಎಣ್ಣೆ ಕುಡಿದು ಬರಬೇಡಿ! ನಾವು ಹುಡುಗಿಯರು ಆರು ಜನ ಬರ್ತೇವೆ, ನಮಗೂ ಆರು ಕೋಲು ಇರಲಿ.