ಯೂನಿಕ್ಸಿನ ಕಿಟಕಿ, ವಿಂಡೋಸಿನ ಗೋಡೆ

ಕಂಪ್ಯೂಟರಿನ ತೆರೆಯ ಮೇಲೆ ಕಿಟಕಿಗಳು ತೆರೆದು ಮುಚ್ಚುವುದನ್ನು ಇಂದು ನೋಡದವರು ವಿರಳ. ಒಂದರಲ್ಲಿ ಪತ್ರ, ಇನ್ನೊಂದರಲ್ಲಿ ಚಿತ್ರ, ಮತ್ತೊಂದರಲ್ಲಿ ಲೆಕ್ಕ. ಮೌಸಿನಿಂದ ತಳ್ಳಿದರೆ ಕಿಟಕಿ ಸರಿಯುತ್ತದೆ, ಅಂಚನ್ನು ಹಿಡಿದೆಳೆದರೆ ಹಿಗ್ಗುತ್ತದೆ. ಆದರೆ ಈ ಕಿಟಕಿಗಳು ಕಂಪ್ಯೂಟರಿಗೆ ಹುಟ್ಟಿನಿಂದ ಬಂದ ಅಂಗಗಳಲ್ಲ. ಅವುಗಳನ್ನು ಬರೆಯುವ, ಒಂದರ ಮೇಲೊಂದು ಜೋಡಿಸುವ, ಕೀಲಿಮಣೆಯಲ್ಲಿ ಒತ್ತಿದ ಅಕ್ಷರವು ಯಾವ ಕಿಟಕಿಗೆ ಸೇರಬೇಕೆಂದು ನಿರ್ಣಯಿಸುವ ಪ್ರೋಗ್ರಾಮೊಂದು ತೆರೆಯ ಹಿಂದೆ ಸದಾ ದುಡಿಯುತ್ತಿರುತ್ತದೆ. ಯೂನಿಕ್ಸ್ ವರ್ಗದ ಕಂಪ್ಯೂಟರುಗಳಲ್ಲಿ ಬಹುಕಾಲ ಈ ಕಾರ್ಯವನ್ನು ನಿರ್ವಹಿಸಿದುದು ಎಕ್ಸ್ ವಿಂಡೊ ಸಿಸ್ಟಂ. ಅದನ್ನು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಂಬ, ಆಗಲೇ ತನ್ನದೇ ಕಿಟಕಿಗಳುಳ್ಳ, ಕುಲಾಚಾರಗಳೆರಡೂ ಬೇರೆಯಾದ ಆಪರೇಟಿಂಗ್ ಸಿಸ್ಟಂನಲ್ಲಿ ನೆಲೆಗೊಳಿಸಿದ ಬಗೆಯನ್ನು ಈ ಲೇಖನದಲ್ಲಿ ನೋಡೋಣ.

ಕಿಟಕಿಗಳಿರುವ ಮನೆಗೆ ಮತ್ತೊಂದು ಕಿಟಕಿ ಏತಕ್ಕೆ ಎಂದು ವಾಚಕರು ಕೇಳಬಹುದು. ವಿಜ್ಞಾನದ ದೊಡ್ಡ ಲೆಕ್ಕಗಳು ನಡೆಯುವುದು ಬಹುಮಟ್ಟಿಗೆ ಯೂನಿಕ್ಸ್ ಇಲ್ಲವೆ ಅದರ ಸಂಪ್ರದಾಯದ ಲಿನಕ್ಸ್ ಯಂತ್ರಗಳಲ್ಲಿ. ವಿದ್ಯಾರ್ಥಿಯ ಮೇಜಿನ ಮೇಲಿರುವುದಾದರೋ ಹೆಚ್ಚಾಗಿ ವಿಂಡೋಸ್. ದೂರದ ಯಂತ್ರವು ಲೋಲಕದ ಚಲನೆಯನ್ನು ಲೆಕ್ಕ ಹಾಕಿತೆನ್ನೋಣ. ಅದರ ನಕ್ಷೆ ಈ ಮೇಜಿನ ಮೇಲೆ ಮೂಡಬೇಕು. ಎಕ್ಸ್ ನಿರ್ಮಿತವಾದುದೇ ಇಂತಹ ಪ್ರಯೋಜನಕ್ಕಾಗಿ. ಮೇಜಿನ ಮೇಲಿನ ಯಂತ್ರಕ್ಕೆ ಎಕ್ಸಿನ ಭಾಷೆ ತಿಳಿಯದಿದ್ದರೆ ಆ ನಕ್ಷೆಗಾಗಿ ಇನ್ನೊಂದು ಕಂಪ್ಯೂಟರನ್ನೇ ಕೊಳ್ಳಬೇಕಾಗುತ್ತಿತ್ತು.

ಎಕ್ಸಿನ ವಂಶಾವಳಿಯಲ್ಲೊಂದು ಸ್ವಾರಸ್ಯವುಂಟು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿ ಎಂಬ ಆಪರೇಟಿಂಗ್ ಸಿಸ್ಟಂ ಇದ್ದಿತು. ಅದಕ್ಕಾಗಿ ಪಾಲ್ ಅಸೆಂಟೆ ಮತ್ತು ಬ್ರಯನ್ ರೀಡ್ ಎಂಬವರು ರಚಿಸಿದ ಕಿಟಕಿ ವ್ಯವಸ್ಥೆಗೆ ವರ್ಣಮಾಲೆಯ ಮುಂದಿನ ಅಕ್ಷರವಾದ ಡಬ್ಲ್ಯು ಎಂಬ ಹೆಸರಾಯಿತು. ಅದರ ಯೂನಿಕ್ಸ್ ರೂಪಾಂತರವೊಂದು ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯನ್ನು, ಎಂದರೆ ಎಂಐಟಿಯನ್ನು, ತಲುಪಿತು. 1984ರಲ್ಲಿ ಅಲ್ಲಿಯ ರಾಬರ್ಟ್ ಷೈಫ್ಲರ್ ಅದನ್ನು ಆಧಾರವಾಗಿಟ್ಟುಕೊಂಡು ಹೊಸದೊಂದನ್ನು ಬರೆದು, ಮತ್ತೊಂದು ಅಕ್ಷರ ಮುಂದೆ ಹೋಗಿ, ಎಕ್ಸ್ ಎಂದು ಕರೆದರು. ಜಿಮ್ ಗೆಟಿಸ್ ಅವರ ಜೊತೆಗೂಡಿದರು. ಹೀಗೆ ಯೂನಿಕ್ಸಿನ ಮನೆಮಗನೆಂದು ಹೆಸರಾದ ಎಕ್ಸ್‌ನ ಬೇರು ಯೂನಿಕ್ಸಿನಲ್ಲಿಲ್ಲ! ಎಂಐಟಿಯ ಅಥೀನಾ ಯೋಜನೆಯಲ್ಲಿ ಬೇರೆ ಬೇರೆ ಕಂಪನಿಗಳ ಯಂತ್ರಗಳಿದ್ದವು. ಯಾವುದೇ ಯಂತ್ರದ ಪ್ರೋಗ್ರಾಮು ಯಾವುದೇ ತೆರೆಯ ಮೇಲೆ ಕಾಣಿಸಿಕೊಳ್ಳಬೇಕೆಂಬುದು ಅಲ್ಲಿಯ ಅಗತ್ಯ. 1987ರ ಸೆಪ್ಟೆಂಬರಿನಲ್ಲಿ ಹೊರಬಂದ ಹನ್ನೊಂದನೆಯ ಆವೃತ್ತಿಯ ಭಾಷೆಯೇ ಇಂದಿಗೂ ಬಳಕೆಯಲ್ಲಿದೆ.

ಭಾಷೆ ಎಂದೆನಷ್ಟೆ. ಎಕ್ಸಿನ ಮುಖ್ಯ ತತ್ತ್ವವಿರುವುದು ಇದರಲ್ಲಿಯೇ. ತೆರೆ, ಕೀಲಿಮಣೆ ಮತ್ತು ಮೌಸುಗಳ ಒಡೆತನ ಎಕ್ಸ್ ಸರ್ವರ್ ಎಂಬ ಒಂದು ಪ್ರೋಗ್ರಾಮಿನದು. ನಕ್ಷೆ ಬರೆಯಬೇಕಾದ ಪ್ರೋಗ್ರಾಮು ಅದರ ಗಿರಾಕಿ. ಅದಕ್ಕೆ ಕ್ಲಯಂಟ್ ಎಂದು ಹೆಸರು. ಸರ್ವರ್ ಎಂದೊಡನೆ ದೂರದ ದೊಡ್ಡ ಯಂತ್ರವನ್ನು ನೆನೆಯುವವರಿಗೆ, ಇಲ್ಲಿ ಸರ್ವರ್ ನಮ್ಮ ಮೇಜಿನ ಮೇಲಿದ್ದು ದೊಡ್ಡ ಯಂತ್ರವೇ ಗಿರಾಕಿಯಾಗುವುದು ವಿಚಿತ್ರವೆನಿಸುತ್ತದೆ. ಇವೆರಡರ ನಡುವೆ ಇರುವ ಸಂಬಂಧ ಬೈಟುಗಳ ಒಂದು ಪ್ರವಾಹ ಮಾತ್ರ. ಸಂಪರ್ಕವಾದೊಡನೆ ಗಿರಾಕಿಯು ಕಳುಹಿಸುವ ಮೊಟ್ಟಮೊದಲ ಬೈಟು, ತಾನು ಸಂಖ್ಯೆಗಳನ್ನು ದೊಡ್ಡ ಸ್ಥಾನದಿಂದ ಬರೆಯುವೆನೋ ಚಿಕ್ಕ ಸ್ಥಾನದಿಂದ ಬರೆಯುವೆನೋ ಎಂಬುದನ್ನು ತಿಳಿಸುತ್ತದೆ. ಬೇಕಾದಲ್ಲಿ ಬೈಟುಗಳನ್ನು ತಿರುಗಿಸಿ ಓದಿಕೊಳ್ಳುವ ಹೊಣೆ ಸರ್ವರಿನದು. ಪರಸ್ಪರ ಅಪರಿಚಿತವಾದ ಯಂತ್ರಗಳು ಮಾತನಾಡಬೇಕೆಂಬ ಎಚ್ಚರ ಮೊದಲ ಬೈಟಿನಲ್ಲಿಯೇ ಇದೆ.

ಈ ಭಾಷೆಯ ಮಿತವ್ಯಯವನ್ನು ಲೆಕ್ಕದಿಂದ ತಿಳಿಯಬಹುದು. ಸಾವಿರ ಬಿಂದುಗಳನ್ನು ಸೇರಿಸುವ ರೇಖೆಯೊಂದನ್ನು ಎಳೆಯಲು ಗಿರಾಕಿ ಕಳುಹಿಸಬೇಕಾದುದು 12 ಬೈಟುಗಳ ತಲೆಬರಹ, ತದನಂತರ ಬಿಂದುವಿಗೆ 4ರಂತೆ 4,000 ಬೈಟು, ಒಟ್ಟು 4,012. ಅದೇ ರೇಖೆಯನ್ನು 800ಕ್ಕೆ 600 ಚುಕ್ಕೆಗಳ ಚಿತ್ರವಾಗಿ, ಚುಕ್ಕೆಗೆ 4 ಬೈಟಿನಂತೆ ಕಳುಹಿಸಿದರೆ 19,20,000 ಬೈಟು! ಇಂದಿನ ಅನೇಕ ಪ್ರೋಗ್ರಾಮುಗಳು ಚಿತ್ರವನ್ನು ತಾವೇ ಬರೆದು ಮುಗಿಸಿ ಇಡಿಯಾಗಿ ಸಾಗಿಸುವುದರಿಂದ ಈ ಉಳಿತಾಯ ಬಹುಪಾಲು ಕೈಬಿಟ್ಟುಹೋಗಿದೆಯೆಂಬುದನ್ನೂ ಹೇಳಬೇಕು.

ಇನ್ನು ಕಟ್ಟುವ ಕೆಲಸಕ್ಕೆ ಬರೋಣ. ಸಿ ಭಾಷೆಯಲ್ಲಿ ಮನುಷ್ಯರು ಬರೆದ ಮೂಲಪಾಠವನ್ನು ಯಂತ್ರದ ಆದೇಶಗಳನ್ನಾಗಿ ಪರಿವರ್ತಿಸುವುದಕ್ಕೆ ಕಂಪೈಲ್ ಮಾಡುವುದೆಂದು ಹೆಸರು. ಲಿನಕ್ಸ್ ಇರುವ ಯಂತ್ರದಲ್ಲಿಯೂ ವಿಂಡೋಸ್ ಇರುವ ಯಂತ್ರದಲ್ಲಿಯೂ ಪ್ರೊಸೆಸರು ಒಂದೇ ಆಗಿರಬಹುದು. ಕೂಡುವ, ಕಳೆಯುವ ಆದೇಶಗಳಲ್ಲಿ ಎಳ್ಳಷ್ಟೂ ಭೇದವಿಲ್ಲ. ಹಾಗಾದರೆ ತೊಡಕೆಲ್ಲಿ? ಫೈಲನ್ನು ತೆರೆ, ನೆನಪಿನಲ್ಲಿ ಸ್ಥಳ ಕೊಡು, ಜಾಲದಿಂದ ಬಂದುದನ್ನು ಒಪ್ಪಿಸು ಎಂದು ಪ್ರೋಗ್ರಾಮು ಆಪರೇಟಿಂಗ್ ಸಿಸ್ಟಂಗೆ ಮಾಡುವ ಬಿನ್ನಹಗಳಲ್ಲಿ. ಯೂನಿಕ್ಸಿಗೆ ಬರೆದ ಅರ್ಜಿಯನ್ನು ವಿಂಡೋಸಿನ ಕಚೇರಿಯಲ್ಲಿ ಸ್ವೀಕರಿಸುವುದಿಲ್ಲ.

ಎಕ್ಸ್ ಸರ್ವರಿನ ಮೂಲಪಾಠವನ್ನು ಬರೆದವರು ಇದನ್ನು ಬಹುಮಟ್ಟಿಗೆ ಮುಂಗಂಡಿದ್ದರು. ಕಿಟಕಿಗಳ ಲೆಕ್ಕವಿಡುವ, ಗಿರಾಕಿಗಳ ಬೇಡಿಕೆಗಳನ್ನು ಹಂಚುವ ಭಾಗ ಒಂದು. ಅದಕ್ಕೆ ತೆರೆಯ ಗುಣವೂ ಯಂತ್ರದ ಜಾತಿಯೂ ತಿಳಿಯದು. ಆಪರೇಟಿಂಗ್ ಸಿಸ್ಟಂನೊಡನೆ ವ್ಯವಹರಿಸುವ ಭಾಗ ಇನ್ನೊಂದು. ನಿಜವಾದ ತೆರೆ, ಕೀಲಿಮಣೆಗಳನ್ನು ಮುಟ್ಟುವ ಭಾಗ ಮತ್ತೊಂದು. ಮೊದಲನೆಯದು ಎಲ್ಲಿಗೆ ಹೋದರೂ ಹೆಚ್ಚು ಬದಲಾಗಬೇಕಿಲ್ಲ. ಮೂರನೆಯದನ್ನು ಪ್ರತಿಯೊಂದು ನೆಲದಲ್ಲಿಯೂ ಹೊಸದಾಗಿ ಬರೆಯಬೇಕು. ಬರೆದವರಿಗೆ ಅರಿವಿದ್ದ ಭೇದಗಳೆಲ್ಲ ಹೀಗೆ ಪ್ರತ್ಯೇಕ ಕೋಣೆಗಳಲ್ಲಿ ಭದ್ರವಾಗಿದ್ದವು. ಕಾಡಿದುವು ಅರಿವಿಲ್ಲದೆ ಎಲ್ಲೆಡೆಯೂ ಹರಡಿದ್ದ ನಂಬಿಕೆಗಳು.

ಇಲ್ಲಿ ನೆರವಿಗೆ ಬಂದುದು 1995ರಲ್ಲಿ ಸಿಗ್ನಸ್ ಎಂಬ ಕಂಪನಿಯಲ್ಲಿ ಆರಂಭವಾದ ಸಿಗ್‌ವಿನ್. ಇದು ವಿಂಡೋಸಿನ ಮೇಲೆ ಹರಡಿದ ಯೂನಿಕ್ಸಿನ ಒಂದು ಪದರವೆನ್ನಬಹುದು. ಪ್ರೋಗ್ರಾಮು ಯೂನಿಕ್ಸಿನ ಮಾತಿನಲ್ಲಿ ಕೇಳುತ್ತದೆ. ಸಿಗ್‌ವಿನ್ ಅದನ್ನು ವಿಂಡೋಸಿನ ಮಾತಿಗೆ ತಿರುಗಿಸಿ ಉತ್ತರ ತರುತ್ತದೆ. ಆದರೆ ಕೆಲವು ಮಾತುಗಳಿಗೆ ಆ ಭಾಷೆಯಲ್ಲಿ ಸಮಾನಪದವೇ ಇಲ್ಲ. ಯೂನಿಕ್ಸಿನಲ್ಲಿ ಓಡುತ್ತಿರುವ ಪ್ರೋಗ್ರಾಮು ಫೋರ್ಕ್ ಎಂಬ ಬೇಡಿಕೆಯಿಂದ ತನ್ನ ತದ್ರೂಪವನ್ನು ಕ್ಷಣಾರ್ಧದಲ್ಲಿ ಸೃಷ್ಟಿಸಿಕೊಳ್ಳಬಲ್ಲದು. ವಿಂಡೋಸಿನಲ್ಲಿ ಪ್ರೋಗ್ರಾಮುಗಳಿಗೆ ಇಂತಹ ಬೇಡಿಕೆಯೇ ದೊರಕುವುದಿಲ್ಲ. ಸಿಗ್‌ವಿನ್ ಅದೇ ಪ್ರೋಗ್ರಾಮನ್ನು ಮತ್ತೊಮ್ಮೆ ಹೊಸದಾಗಿ ಆರಂಭಿಸಿ, ತಾಯಿಯ ನೆನಪನ್ನು ಮಗುವಿನೊಳಕ್ಕೆ ನಕಲು ಮಾಡಿ, ಇಬ್ಬರನ್ನೂ ಒಂದೇ ಬಿಂದುವಿನಿಂದ ಮುಂದುವರಿಸುತ್ತದೆ. ಕೆಲಸ ಆಗುತ್ತದೆ, ನಿಧಾನವಾಗಿ. ಕಂಪೈಲಿಗೆ ಮುಂಚೆ ಯಂತ್ರವನ್ನು ಪರೀಕ್ಷಿಸುವ ಕನ್‌ಫಿಗರ್ ವಿಧಿಯು ನೂರಾರು ಚಿಕ್ಕ ಪ್ರೋಗ್ರಾಮುಗಳನ್ನು ಓಡಿಸುವುದರಿಂದ, ಪ್ರತಿಯೊಂದಕ್ಕೂ ಈ ಸುಂಕ ತೆರಬೇಕಾಗಿ, ಲಿನಕ್ಸಿನಲ್ಲಿ ಚಹ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ ಇಲ್ಲಿ ಊಟವಾದರೂ ಮುಗಿಯುವುದಿಲ್ಲ.

ಎರಡನೆಯ ತೊಡಕು ಹೆಸರುಗಳದು. ವಿಂಡೋಸಿನ ತೆರೆಯನ್ನು ಮುಟ್ಟುವ ಭಾಗವು ಎಕ್ಸಿನ ಘೋಷಣೆಗಳನ್ನೂ ವಿಂಡೋಸಿನ ಘೋಷಣೆಗಳನ್ನೂ ಒಟ್ಟಿಗೆ ಓದಬೇಕು. ಸತ್ಯಾಸತ್ಯಗಳನ್ನು ಸೂಚಿಸುವ ಬೂಲ್ ಎಂಬ ಹೆಸರು ಎರಡರಲ್ಲಿಯೂ ಇದೆ. ಎಕ್ಸಿನಲ್ಲಿ ಅದರ ಅಳತೆ 1 ಬೈಟು, ವಿಂಡೋಸಿನಲ್ಲಿ 4 ಬೈಟು. ಫ್ರೀ ರಿಸೋರ್ಸ್ ಎಂಬ ಕಾರ್ಯವೂ ಎರಡು ಕಡೆಯೂ ಉಂಟು; ಅರ್ಥ ಬೇರೆ ಬೇರೆ. ಕಂಪೈಲರು ಗೊಂದಲಕ್ಕೊಳಗಾಗಿ ನಿಲ್ಲುತ್ತದೆ. ಒಂದೇ ಊರಿನಲ್ಲಿ ಇಬ್ಬರು ರಾಮಣ್ಣಂದಿರಿದ್ದರೆ ಒಬ್ಬನನ್ನು ಮೇಲಿನಮನೆ ರಾಮಣ್ಣನೆಂದು ಕರೆಯುವುದಿಲ್ಲವೆ? ಇಲ್ಲಿಯ ಪರಿಹಾರವೂ ಅದೇ. ವಿಂಡೋಸಿನ ಘೋಷಣೆಗಳನ್ನು ಓದುವುದಕ್ಕೆ ಮುಂಚೆ ಅಲ್ಲಿಯ ಬೂಲ್ ಮುಂತಾದ ಹೆಸರುಗಳ ಹಿಂದೆ ಡಬ್ಲ್ಯು ಅಕ್ಷರವನ್ನು ಹಚ್ಚಿ, ಓದಿದ ಬಳಿಕ ಆ ಏರ್ಪಾಡನ್ನು ತೆಗೆದುಹಾಕುವ ಪುಟ್ಟ ಫೈಲೊಂದು ಎಕ್ಸಿನ ಮೂಲಪಾಠದಲ್ಲಿಯೇ ಸೇರಿದೆ.

ಮೂರನೆಯದು ಕಣ್ಣಿಗೆ ಬೀಳದ ತೊಡಕು. ಸಾಲಿನ ಕೊನೆಯನ್ನು ಯೂನಿಕ್ಸು 10 ಎಂಬ ಒಂದು ಬೈಟಿನಿಂದ ಸೂಚಿಸಿದರೆ ವಿಂಡೋಸು 13 ಮತ್ತು 10 ಎಂಬ ಜೋಡಿಯಿಂದ ಸೂಚಿಸುತ್ತದೆ. ಆದುದರಿಂದ ಅಲ್ಲಿ ಪಠ್ಯವೆಂದು ತೆರೆದ ಫೈಲಿನಲ್ಲಿ ಈ ಜೋಡಿ ಒಂದೇ ಬೈಟಾಗಿ ಕಾಣುತ್ತದೆ; ಹಳೆಯ ರೂಢಿಯಂತೆ 26 ಎಂಬ ಬೈಟು ಫೈಲು ಮುಗಿಯಿತೆಂಬ ಸೂಚನೆ. ಯೂನಿಕ್ಸಿನಲ್ಲಿ ಈ ಭೇದವೇ ಇಲ್ಲದುದರಿಂದ, ಪಠ್ಯವಲ್ಲದ ಫೈಲನ್ನು ಹಾಗೆಂದು ಹೇಳಿ ತೆರೆಯುವ ಅಭ್ಯಾಸ ಅಲ್ಲಿಯವರಿಗೆ ಇರಲಿಲ್ಲ. ಈಗ ಅಕ್ಷರರೂಪಗಳ ಫೈಲೊಂದನ್ನು ಊಹಿಸಿಕೊಳ್ಳಿ. ಅಕ್ಷರದ ಒಂದು ಸಾಲಿನ ಚುಕ್ಕೆಗಳು 00011010 ಎಂದಿದ್ದರೆ ಅದರ ಬೆಲೆ 16, 8 ಮತ್ತು 2 ಸೇರಿ 26. ಅಲ್ಲಿಗೆ ಫೈಲು ಮುಗಿಯಿತು! ಉಳಿದ ಅಕ್ಷರಗಳಿಲ್ಲ. ಕಂಪೈಲರು ಇಂತಹ ದೋಷವನ್ನು ತೋರಿಸಲಾರದು. ಅದರ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಆಳವಾದುದು ಕಾಯುವ ಸಮಸ್ಯೆ. ಎಕ್ಸ್ ಸರ್ವರಿನ ಜೀವನದ ಹೆಚ್ಚು ಭಾಗ ಕಾಯುವುದರಲ್ಲಿಯೇ ಕಳೆಯುತ್ತದೆ: ಹೊಸ ಗಿರಾಕಿ ಬರಬಹುದು, ಹಳೆಯ ಗಿರಾಕಿಯಿಂದ ಬೇಡಿಕೆ ಬರಬಹುದು, ಯಾರೋ ಕೀಲಿಯೊತ್ತಬಹುದು, ಮೌಸನ್ನು ಸರಿಸಬಹುದು. ಯೂನಿಕ್ಸಿನಲ್ಲಿ ಜಾಲವೂ ಫೈಲಿನಂತೆ, ಕೀಲಿಮಣೆಯೂ ಫೈಲಿನಂತೆ, ಮೌಸೂ ಫೈಲಿನಂತೆ. ಇವುಗಳಲ್ಲಿ ಯಾವುದರಲ್ಲಿ ಏನು ಬಂದರೂ ಎಬ್ಬಿಸು ಎಂದು ಸೆಲೆಕ್ಟ್ ಎಂಬ ಒಂದೇ ಬೇಡಿಕೆಯನ್ನು ಸಲ್ಲಿಸಿ ಸರ್ವರ್ ನಿದ್ರಿಸಬಹುದು. ವಿಂಡೋಸಿನ ಪದ್ಧತಿ ಬೇರೆ. ಜಾಲದ ಸುದ್ದಿ ಒಂದು ಬಾಗಿಲಿನಲ್ಲಿ. ಕೀಲಿ ಮತ್ತು ಮೌಸಿನ ಸುದ್ದಿ ಸಂದೇಶಗಳ ಸಾಲಾಗಿ ಮತ್ತೊಂದು ಬಾಗಿಲಿನಲ್ಲಿ. ಅಲ್ಲಿಯ ಸೆಲೆಕ್ಟ್ ಮೊದಲನೆಯ ಬಾಗಿಲನ್ನು ಮಾತ್ರ ಕಾಯುತ್ತದೆ. ಜಾಲದ ಬಾಗಿಲಲ್ಲಿ ಕುಳಿತರೆ ಕೀಲಿಮಣೆ ಕಿವುಡಾಗುತ್ತದೆ. ಅಲ್ಲಿಗೂ ಇಲ್ಲಿಗೂ ಎಡೆಬಿಡದೆ ಓಡಾಡಿದರೆ ಏನೂ ನಡೆಯದಿರುವಾಗಲೂ ಪ್ರೊಸೆಸರು ಬಳಲುತ್ತದೆ.

ಸಿಗ್‌ವಿನ್ ಇದಕ್ಕೆ ಕಂಡುಕೊಂಡ ಉಪಾಯ ನಿಜಕ್ಕೂ ಜಾಣತನದ್ದು. ಯೂನಿಕ್ಸಿನಲ್ಲಿ ಉಪಕರಣಗಳಿಗೆಂದು ಮೀಸಲಾದ ಡೆವ್ ಎಂಬ ಕೋಶದಲ್ಲಿ ವಿಂಡೋಸ್ ಎಂಬ ಹೆಸರಿನ ಫೈಲೊಂದನ್ನು ಅದು ಕಲ್ಪಿಸಿತು. ಡಿಸ್ಕಿನಲ್ಲಿ ಅಂತಹ ಫೈಲಿಲ್ಲ. ಸಂದೇಶಗಳ ಸಾಲಿಗೆ ಏನಾದರೂ ಬಂದರೆ ಆ ಫೈಲು ಓದಲು ಸಿದ್ಧವಾಗಿದೆಯೆಂದು ಸಿಗ್‌ವಿನ್ ಸಾರುತ್ತದೆ. ಎಕ್ಸ್ ಸರ್ವರ್ ಜಾಲದ ಬಾಗಿಲುಗಳ ಪಟ್ಟಿಗೆ ಈ ಒಂದನ್ನೂ ಸೇರಿಸಿ, ತನ್ನ ಹಳೆಯ ರೂಢಿಯಂತೆಯೇ ನಿದ್ರೆಹೋಗುತ್ತದೆ. ಪರದೇಶದ ಪದ್ಧತಿಗೆ ಫೈಲಿನ ವೇಷ ತೊಡಿಸಿದುದರಿಂದ ಕಾಯುವ ವಿಧಾನವನ್ನೇ ಬದಲಿಸುವ ಪ್ರಮೇಯ ಬರಲಿಲ್ಲ.

ಚಿತ್ರ ಬರೆಯುವುದು ಇದಕ್ಕೆ ಹೋಲಿಸಿದರೆ ಸುಲಭ. ಸರ್ವರ್ ತನ್ನ ನೆನಪಿನಲ್ಲಿ ತೆರೆಯ ಪ್ರತಿಬಿಂಬವೊಂದನ್ನು ಇಟ್ಟುಕೊಂಡು ಅದರ ಮೇಲೆ ಬರೆಯುತ್ತದೆ. ಬದಲಾದ ಭಾಗವನ್ನಷ್ಟೇ ವಿಂಡೋಸಿನ ಮೂಲಕ ನಿಜವಾದ ತೆರೆಗೆ ನಕಲು ಮಾಡುತ್ತದೆ. ಎಕ್ಸಿನ ಇಡೀ ತೆರೆಯನ್ನು ವಿಂಡೋಸಿನ ಒಂದೇ ಕಿಟಕಿಯೊಳಗೆ ತೋರಿಸಬಹುದು. ಇಲ್ಲವೆ ಎಕ್ಸಿನ ಒಂದೊಂದು ಕಿಟಕಿಗೂ ವಿಂಡೋಸಿನ ಒಂದೊಂದು ಕಿಟಕಿಯನ್ನು ಕೊಡಬಹುದು. ಎರಡನೆಯ ವಿಧದಲ್ಲಿ ದೂರದ ಯಂತ್ರದ ನಕ್ಷೆಯು ಮನೆಯ ಪತ್ರದ ಪಕ್ಕದಲ್ಲಿಯೇ ನಿಲ್ಲುತ್ತದೆ. ಕೀಲಿಮಣೆಯದೂ ಒಂದು ಕಥೆ. ಯೂರೋಪಿನ ಕೆಲವು ಕೀಲಿಮಣೆಗಳಲ್ಲಿ ಬಲಗಡೆಯ ಆಲ್ಟ್ ಗ್ರಾಫ್ ಕೀಲಿಯನ್ನೊತ್ತಿದರೆ, ಎಡಗಡೆಯ ಕಂಟ್ರೋಲ್ ಕೀಲಿಯನ್ನೂ ಒತ್ತಿದರೆಂದು ವಿಂಡೋಸ್ ವರದಿ ಮಾಡುತ್ತದೆ. ಎರಡು ಸಂದೇಶಗಳ ಕಾಲವನ್ನು ಹೋಲಿಸಿ ಈ ಸುಳ್ಳು ಕೀಲಿಯನ್ನು ಕಿತ್ತುಹಾಕುವುದಕ್ಕೆಂದೇ ಸರ್ವರಿನಲ್ಲೊಂದು ಕಾರ್ಯವನ್ನು ಬರೆದಿಟ್ಟಿದ್ದಾರೆ!

ಬಳಸುವವರಿಗೆ ಒಂದು ಎಚ್ಚರಿಕೆ ಅವಶ್ಯ. ಎಕ್ಸ್ ಸರ್ವರಿಗೆ ಸಂಪರ್ಕ ಪಡೆದ ಗಿರಾಕಿಯು ಸಾಮಾನ್ಯವಾಗಿ ಇತರ ಕಿಟಕಿಗಳಲ್ಲಿ ಒತ್ತಿದ ಕೀಲಿಗಳನ್ನೂ ಕದ್ದು ಕೇಳಬಲ್ಲದು. ನಕ್ಷೆ ಬರಲಿಲ್ಲವೆಂದು ಬೇಸತ್ತು, ಯಾರು ಬೇಕಾದರೂ ಬರಲೆಂದು ಬಾಗಿಲನ್ನು ತೆರೆದಿಡುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಉಂಟು. ಅದು ಸಲ್ಲದು. 2015ರ 1.17ನೆಯ ಆವೃತ್ತಿಯಿಂದ ಎಕ್ಸ್ ಸರ್ವರ್ ತಾನಾಗಿ ಜಾಲದ ಬಾಗಿಲನ್ನು ತೆರೆಯುವುದಿಲ್ಲ; ಎಸ್‌ಎಸ್‌ಎಚ್ ಎಂಬ ಗುಪ್ತಲಿಪಿಯ ಸುರಂಗದ ಮೂಲಕ ನಕ್ಷೆಯನ್ನು ತರಿಸಿಕೊಳ್ಳುವುದು ಲೇಸು.

ಎಕ್ಸನ್ನು ಐಬಿಎಂನ ಓಎಸ್ ಟೂ ಮೇಲೆಯೂ ಆ್ಯಪಲ್‌ನ ಮ್ಯಾಕ್ ಮೇಲೆಯೂ ಕಟ್ಟಿದುದುಂಟು. 2021ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ಬೇರೊಂದು ಮಾರ್ಗ ಹಿಡಿಯಿತು. ವಿಂಡೋಸಿನೊಳಗಿನ ಕಲ್ಪಿತ ಯಂತ್ರದಲ್ಲಿ ನಿಜವಾದ ಲಿನಕ್ಸನ್ನೇ ಓಡಿಸಿ, ಅಲ್ಲಿ ಮೂಡಿದ ಕಿಟಕಿಗಳನ್ನು ಮಾತ್ರ ಹೊರಗೆ ತೋರಿಸುವ ಏರ್ಪಾಡು ಅದು. ಸಸಿಯನ್ನು ಕಿತ್ತು ನೆಡುವ ಬದಲು ಮಣ್ಣುಸಹಿತ ಕುಂಡವನ್ನೇ ಒಳಗೆ ತಂದಿಟ್ಟಂತೆ. ಇದರಲ್ಲಿ ಹೆಸರುಗಳ ಜಗಳವಿಲ್ಲ, ಫೋರ್ಕಿನ ಸುಂಕವಿಲ್ಲ; ನೆನಪಿನ ಖರ್ಚು ಮಾತ್ರ ಹೆಚ್ಚು. ದೂರದ ಯಂತ್ರದ ನಕ್ಷೆಯೊಂದನ್ನು ಹಳೆಯ ಕಂಪ್ಯೂಟರಿನಲ್ಲಿ ನೋಡಬೇಕೆನ್ನುವವನಿಗೆ ಸಿಗ್‌ವಿನ್ ಮೇಲಿನ ಎಕ್ಸ್ ಸಾಕು.