ಮನೆಯವರೆಲ್ಲ ಕೂಡುವ ಹೊತ್ತು

ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ರಾತ್ರಿ 9 ಗಂಟೆಯಾದಾಗ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ 6:30. ಇಲ್ಲಿ ಊಟ ಮುಗಿಸಿ ನಾವು ಮಕ್ಕಳೊಡನೆ ಕೂರುವ ಹೊತ್ತಿಗೆ ಸರಿಯಾಗಿ ಅಲ್ಲಿ ಬಂಧುಬಳಗದವರು ಎದ್ದು ವಾಟ್ಸಾಪ್‌ನಲ್ಲಿ ಶುಭೋದಯದ ಚಿತ್ರಗಳನ್ನು ಕಳುಹಿಸತೊಡಗುತ್ತಾರೆ. ಒಂದನ್ನು ನೋಡಲು ಫೋನ್ ಕೈಗೆತ್ತಿಕೊಂಡರೆ ಅಲ್ಲಿಂದ ಫೇಸ್‌ಬುಕ್, ಅಲ್ಲಿಂದ ಯೂಟ್ಯೂಬ್. ತಲೆ ಎತ್ತುವಷ್ಟರಲ್ಲಿ ಗಂಟೆ ಹತ್ತಾಗಿರುತ್ತದೆ.

ಇದಕ್ಕೆ ನಮ್ಮ ಮನಸ್ಸಿನ ಚಾಂಚಲ್ಯವೊಂದೇ ಕಾರಣವೇ? ದಿನಪತ್ರಿಕೆಗೆ ಕೊನೆಯ ಪುಟವಿದೆ, ಟಿ.ವಿ. ಧಾರಾವಾಹಿಗೆ ಅರ್ಧ ಗಂಟೆಯ ಮಿತಿಯಿದೆ. ಸಾಮಾಜಿಕ ಜಾಲತಾಣಗಳಿಗೆ ಅಂಥ ಕೊನೆಯೇ ಇಲ್ಲ. ಬೆರಳು ಸರಿಸಿದಷ್ಟೂ ಹೊಸದು ಬರುತ್ತಲೇ ಇರುವ ಈ ವಿಧಾನವನ್ನು 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು ರೂಪಿಸಿದರು. ಮುಂದೆ ಅವರೇ ಅದರ ಬಗ್ಗೆ ಬಹಿರಂಗವಾಗಿ ವಿಷಾದಿಸಿದರು. ಈ ತಾಣಗಳ ಮುಖ್ಯ ಆದಾಯ ಜಾಹೀರಾತಿನದು. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತು ತೋರಿಸಬಹುದು. ಆದ್ದರಿಂದ ‘ಸಾಕು’ ಎನ್ನುವ ಕೆಲಸ ನಮ್ಮ ಪಾಲಿಗೇ ಉಳಿದಿದೆ.

ಹಾಗೆಂದು ಇವೆಲ್ಲ ಕೆಟ್ಟವು ಎಂದಲ್ಲ. ಕಾಲಿಂಗ್ ಕಾರ್ಡಿನ ನಿಮಿಷಗಳನ್ನು ಎಣಿಸಿ ಊರಿಗೆ ಮಾತನಾಡುತ್ತಿದ್ದ ನಮಗೆ ಇಂದು ತಂದೆತಾಯಿಯರ ಮುಖ ನೋಡುತ್ತಾ ಮಾತನಾಡುವುದು ದೊಡ್ಡ ಭಾಗ್ಯ. ಆದರೆ ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಶಾಲೆಯಲ್ಲಾಗಲಿ ಆಟದ ಮೈದಾನದಲ್ಲಾಗಲಿ ಕನ್ನಡ ಕೇಳಿಸದು. ಅವರ ಕಿವಿಗೆ ಕನ್ನಡ ಬೀಳುವುದು ಬಹುಪಾಲು ಊಟದ ಹೊತ್ತಿನಲ್ಲಿ, ಮಲಗುವ ಮುಂಚಿನ ಮಾತುಕತೆಯಲ್ಲಿ. ನಾವು ಫೋನ್ ನೋಡುತ್ತಾ ಕುಳಿತರೆ ಆ ಮಾತು ನಿಲ್ಲುತ್ತದೆ. ಮಕ್ಕಳೂ ತಮ್ಮ ತಮ್ಮ ಫೋನ್ ಹಿಡಿದು ಕೋಣೆ ಸೇರುತ್ತಾರೆ. ಆಗ ಅವರಿಗೆ ಬುದ್ಧಿ ಹೇಳಲು ನಮಗೆ ಬಾಯಿ ಇರುವುದಿಲ್ಲ.

ಒಂದು ತಿಂಗಳು ಈ ಮೂರನ್ನು ಪಾಲಿಸಿ ನೋಡಿ:

1. ಊಟಕ್ಕೆ ಕೂರುವುದರಿಂದ ಮಕ್ಕಳು ಮಲಗುವವರೆಗೆ ದೊಡ್ಡವರ ಫೋನ್‌ಗಳೂ ಅಡಿಗೆಮನೆಯಲ್ಲಿ ಚಾರ್ಜಿಗೆ ಇರಲಿ. ಆ ಹೊತ್ತಿನಲ್ಲಿ ಒಂದು ಕಥೆ, ಇಲ್ಲವೇ ಒಂದು ಆಟ ಚೌಕಾಬಾರ.

2. ಕುಟುಂಬದ ಗುಂಪುಗಳನ್ನು ಮ್ಯೂಟ್ ಮಾಡಿ, ಬೆಳಿಗ್ಗೆ ನೋಡಿ. ತುರ್ತು ಇದ್ದರೆ ಫೋನ್ ಮಾಡುವಂತೆ ಊರಿನವರಿಗೆ ಮೊದಲೇ ತಿಳಿಸಿ.

3. ಭಾನುವಾರ ಬೆಳಿಗ್ಗೆ 9ಕ್ಕೆ, ಅಂದರೆ ಊರಿನಲ್ಲಿ ಸಂಜೆ, ಮಕ್ಕಳೇ ಅಜ್ಜ-ಅಜ್ಜಿಗೆ ಕರೆ ಮಾಡಿ ಕನ್ನಡದಲ್ಲಿ ಮಾತನಾಡಲಿ.

ತಿಂಗಳ ಕೊನೆಗೆ ಎಲ್ಲರೂ ಒಟ್ಟಿಗೆ ಕುಳಿತು ಚರ್ಚಿಸಿ: ಯಾವ ನಿಯಮ ಕಷ್ಟವಾಯಿತು? ಅದನ್ನು ಮೊದಲು ಮುರಿದವರು ಯಾರು? ಉತ್ತರ ಹೇಳುವ ಮೊದಲ ಸರದಿ ಮಕ್ಕಳದಾಗಿರಲಿ.